ಅಣ್ಣಂದಿರ ಪುಟ

ಕಥೆಯನ್ನು ಗಟ್ಟಿಯಾಗಿ ಓದುವುದೆಂದರೆ ನನಗೆ ಪ್ರಾಣ. ಕಣ್ಣು ಸಲೀಸಾಗಿ ದಾಟಿಬಿಡುವ ಸಾಲು ಬಾಯಿಗೆ ಬಂದಾಗ ಗಂಟಲಲ್ಲಿ ನಿಲ್ಲುತ್ತದೆ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಅವರೆಕಾಯಿ ಕಾಲ ಬಂತೆಂದರೆ ಅಕ್ಕಪಕ್ಕದ ಹೆಂಗಸರೆಲ್ಲ ಕೂತು ನೆನೆದ ಕಾಳು ಹಿದುಕುತ್ತಾರೆ, ನಾನು ಓದುತ್ತೇನೆ.

ಈ ಸಲ ಓದಿದ್ದು ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಅದರಲ್ಲೊಂದು. ಮೆಹರುನ್‌ಳ ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಕೂಸನ್ನೆತ್ತಿಕೊಂಡು ತವರಿಗೆ ಬಂದವಳನ್ನು ಅಣ್ಣಂದಿರು ವಾಪಸ್ ಬಿಟ್ಟುಬರುತ್ತಾರೆ. ಆ ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಹಿರಿಮಗಳು ಸಲ್ಮಾ ಬಂದು ತಡೆಯುತ್ತಾಳೆ. ಆದರೆ ಲೇಖಕಿಯ ಕೈಚಳಕ ನನಗೆ ಕಾಣುವುದು ಅದಕ್ಕೂ ಮೊದಲು, ಬಾಗಿಲಿಗೆ ಬಂದ ಮಗಳನ್ನು ಕಂಡು ತವರಿನವರ ಮಾತು ನಿಂತುಹೋಗುವಲ್ಲಿ.

ಓದು ಮುಗಿದ ಮೇಲೆ ಪಕ್ಕದ ಮನೆಯ ಆಂಟಿ, “ಆ ಅಣ್ಣಂದಿರ ಭಾಗ ಇನ್ನೊಂದ್ಸಲ ಓದಮ್ಮ” ಎಂದರು. ಓದಿದೆ. “ನಮ್ಮಣ್ಣನೂ ಅಷ್ಟೇ. ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಅಂತ ಬಸ್ ಹತ್ತಿಸಿದ. ಟಿಕೆಟ್ ದುಡ್ಡೂ ಅವನೇ ಕೊಟ್ಟ.”

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯಲ್ಲೂ ನಾದಿರಾಳ ಸಂಸಾರ ಮುರಿಯುವವನು ಗಂಡನಲ್ಲ, ಹೆತ್ತ ಅಪ್ಪ. ಆ ಕಾದಂಬರಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ವಾರಪತ್ರಿಕೆಯೆಂದರೆ ಮನೆಯಲ್ಲಿ ಎಲ್ಲರ ಕೈಗೂ ಸಿಗುವಂಥದ್ದು, ಅಪ್ಪಂದಿರೂ ಓದಿರಬೇಕು.

ಪೆಟ್ಟು ತಿಂದವಳಿಗೆ ಈ ಕಥೆ ಮೊದಲೇ ಗೊತ್ತು. ತನ್ನದು ಇನ್ನೊಬ್ಬರಿಗೂ ಗೊತ್ತು ಎಂಬ ಸಮಾಧಾನ ಅವಳಿಗೆ ಸಿಗಬಹುದು, ಅದೇನೂ ಸಣ್ಣದಲ್ಲ. ಹೊಡೆಯುವವನು ಓದಿ ಬದಲಾಗುತ್ತಾನೆಂಬ ನಂಬಿಕೆ ನನಗಿಲ್ಲ. ಈ ಕಥೆಗಳು ಮುಟ್ಟಬೇಕಾದ್ದು ಬಸ್ ಹತ್ತಿಸುವವರನ್ನು. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿದೆ. ಅಣ್ಣನ ಬಾಯಲ್ಲಿ “ಇಲ್ಲೇ ಇರು” ಅನ್ನಿಸಲು ಯಾವ ಕಾಯ್ದೆಗೆ ಆದೀತು?

ಈಗೀಗ ಜಯನಗರದ ಮದುವೆಗಳಲ್ಲಿ ತಾಂಬೂಲದ ಚೀಲದಲ್ಲಿ ಪುಸ್ತಕ ಇಟ್ಟುಕೊಡುವವರಿದ್ದಾರೆ. ಅದನ್ನು ನೋಡಿಯೇ ನನಗೂ ಹೊಳೆದದ್ದು. ಗಾಂಧಿ ಬಜಾರಿನ ಅಂಕಿತ ಪುಸ್ತಕಕ್ಕೆ ಹೋಗಿ ಬಾನು ಅವರ ಕಥೆಗಳ ಒಂದಷ್ಟು ಪ್ರತಿ ತಂದಿಟ್ಟಿದ್ದೇನೆ. ಹೆಣ್ಣಿನ ಕಡೆಯ ಮದುವೆಗೆ ಹೋದರೆ ಹುಡುಗಿಯ ಅಣ್ಣನಿಗೋ ತಮ್ಮನಿಗೋ ಒಂದು. ಆಂಟಿಯೂ ತಮ್ಮ ಅಣ್ಣನ ಮಗನಿಗೆಂದು ಒಂದು ಕೇಳಿ ತೆಗೆದುಕೊಂಡರು. ಅವನ ತಂಗಿಗೆ ಈಗ ಗಂಡು ನೋಡುತ್ತಿದ್ದಾರಂತೆ.