ಅಂಗೈಯ ಬೆವರು

ಗದಗ ಸೀಮೆಯ ಬೇಸಿಗೆಯಲ್ಲಿ ಬೆವರುವುದು ಸೋಜಿಗವಲ್ಲ. ಭೀಷ್ಮಕೆರೆಯ ದಂಡೆಯಲ್ಲಿ ನಾಲ್ಕು ಹೆಜ್ಜೆ ನಡೆದರೂ ಅಂಗಿ ತೊಯ್ಯುತ್ತದೆ. ನಮ್ಮ ದೇಹದಲ್ಲಿ ಸುಮಾರು 20ರಿಂದ 40 ಲಕ್ಷ ಸ್ವೇದಗ್ರಂಥಿಗಳಿವೆ. ಬೆವರು ಆರುವಾಗ ಮೈ ತಂಪಾಗುವುದು. ಇದು ಕಾಯದ ಧರ್ಮ.

ಆದರೆ ನೆರಳಲ್ಲಿ ಕುಳಿತಾಗಲೂ ಅಂಗೈ ತೊಯ್ಯುವವರ ಸಂಕಟ ಬೇರೆ. ನಾವು ಬಾಲ್ಯದಿಂದಲೂ ಅದನ್ನು ಬಲ್ಲೆವು. ಮಠದಲ್ಲಿ ಓದುವಾಗ ಬರೆದ ಮಸಿ ಕದಡುತ್ತಿತ್ತು. ಪೂಜೆಗೆ ಕುಳಿತರೆ ಎಡದಂಗೈಯ ಇಷ್ಟಲಿಂಗ ಜಾರೀತೆಂಬ ಅಳುಕು. ಅಳುಕಿದಷ್ಟೂ ಬೆವರು ಹೆಚ್ಚುತ್ತಿತ್ತು. ಇದು ನರಗಳ ಅತಿಚೋದನೆಯಿಂದ ಆಗುವುದು, ಎಷ್ಟೋ ಮನೆತನಗಳಲ್ಲಿ ವಂಶದಿಂದ ಬರುವುದು ಎಂದು ವೈದ್ಯರು ತಿಳಿಸಿದಾಗ ಮನಸ್ಸು ಹಗುರಾಯಿತು. ರಾತ್ರಿ ಒಣಗಿದ ಅಂಗೈಗೆ ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ ಲೇಪಿಸಿ ಬೆಳಿಗ್ಗೆ ತೊಳೆಯುವ ಅವರ ಸಲಹೆಯಿಂದ ಬಹುಮಟ್ಟಿಗೆ ಉಪಶಮನವೂ ದೊರೆಯಿತು.

ಬೆವರಿಗೆ ಅಂಜಿ ವ್ಯಾಯಾಮ ಬಿಡಬೇಕಿಲ್ಲ. ನಸುಕಿನಲ್ಲಿ ನಡೆಯಿರಿ, ಸಡಿಲವಾದ ಹತ್ತಿಯ ಬಟ್ಟೆ ಧರಿಸಿರಿ, ನೀರು ಮಜ್ಜಿಗೆ ಕುಡಿಯಿರಿ. ಆದರೆ ಹೊಸದಾಗಿ ರಾತ್ರಿ ಬೆವರು, ಜ್ವರ, ತೂಕದ ಇಳಿತ ಕಂಡರೆ ಕ್ಷಯದ ತಪಾಸಣೆ ಮಾಡಿಸಿರಿ. ಎದೆನೋವಿನೊಡನೆ ತಣ್ಣನೆಯ ಬೆವರು ಬಂದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗಿರಿ.

ತಾಯಂದಿರಲ್ಲಿ ನಮ್ಮದೊಂದು ಬಿನ್ನಹ: ಕೈ ನೀಡಲು ಮಗು ಹಿಂಜರಿದರೆ ಗದರದಿರಿ. ಒದ್ದೆಯಾದ ಕೈ ಮೈಲಿಗೆಯ ಕೈಯಲ್ಲ.