ಬಸ್ಸಿಳಿದರೆ ಬೆಟ್ಟದ ಬುಡ

ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹತ್ತಿದ ಸಾರಿಗೆ ಬಸ್ಸು ಬೆಳಗಿನ ಜಾವ ಕುಕ್ಕೆಯಲ್ಲಿ ಇಳಿಸುತ್ತದೆ. ಹಣ್ಣುಕಾಯಿ ಬುಟ್ಟಿ ಹಿಡಿದ ಅಜ್ಜಿಯ ಹಿಂದೆಯೇ ಬೆನ್ನಿಗೆ ಬ್ಯಾಗು, ಕಾಲಿಗೆ ಬೂಟು ಬಿಗಿದ ಹುಡುಗಿಯೂ ಇಳಿಯುತ್ತಾಳೆ. 1,712 ಮೀಟರ್ ಎತ್ತರದ ಕುಮಾರಪರ್ವತದ ಹಾದಿಗೆ ಅಲ್ಲಿಂದ ನಡೆದೇ ಹೋಗಬಹುದು. ಚಾರಣಿಗರಿಗೆ ಇಂಥ ಅನುಕೂಲ ತಂದುಕೊಟ್ಟದ್ದು ಕುಕ್ಕೆಯ ದೇವಸ್ಥಾನಕ್ಕೆ ಬರುವ ಸುಬ್ರಹ್ಮಣ್ಯನ ಭಕ್ತರೇ.

ರೈಲಾದರೆ ನೆಟ್ಟಣದಲ್ಲಿ ಇಳಿದು ಇನ್ನೂ 12 ಕಿಲೋಮೀಟರ್‌ನಷ್ಟು ಹೋಗಬೇಕು.

ಬೆಟ್ಟದ ಆಚೆ, ಕೊಡಗಿನ ಮಗ್ಗುಲಿನ ಕತೆ ಬೇರೆ. ಸೋಮವಾರಪೇಟೆಯಿಂದ, ಆ ಕಡೆಯ ಚಾರಣ ಶುರುವಾಗುವ ಬೀಡಹಳ್ಳಿಗೆ ಬಸ್ಸು ಕಡಿಮೆ, ತಪ್ಪಿದರೆ ಜೀಪೇ ಗತಿ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಅಲ್ಲಿಗೊಂದು ಬಸ್ಸು ಬೇಕೇ ಬೇಕು. ಏಕೆಂದರೆ ಕಾರು ತಂದವರು ಹತ್ತಿದ ಕಡೆಗೇ ಇಳಿಯಬೇಕು. ಬಸ್ಸಿನವರು ಕೊಡಗಿನಿಂದ ಹತ್ತಿ, ಸಂಜೆ ದಕ್ಷಿಣ ಕನ್ನಡದ ಕುಕ್ಕೆಯಲ್ಲಿ ಇಳಿಯಬಹುದು.