ಅಟ್ಟದ ಮೇಲಿನ ನಗು

ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಅಟ್ಟವೆಂದರೆ ಅರ್ಧ ಉಗ್ರಾಣ, ಅರ್ಧ ಗುಮ್ಮ. ಅಡಿಕೆ ಮೂಟೆ, ತೂತುಬಿದ್ದ ಹಂಡೆ, ಯಾರೂ ತೂಗದ ತೊಟ್ಟಿಲು, ಹೀಗೆ ಬೇಡವಾದರೂ ಬಿಸಾಡಲು ಮನಸ್ಸು ಬಾರದ್ದೆಲ್ಲ ಏಣಿ ಹತ್ತುತ್ತದೆ. ಅಂಥದೊಂದು ಅಟ್ಟದ ಕೆಳಗೆ, ಪಿಯುಸಿ ಓದುವಾಗಿನ ಮಳೆಗಾಲದಲ್ಲಿ, ಲೇಖಕಿ ಬೋರಲು ಮಲಗಿ ಷಾರ್ಲಟ್ ಬ್ರಾಂಟೆಯ ಕಾದಂಬರಿ 'ಜೇನ್ ಐರ್' ಓದುತ್ತಿದ್ದಳು. ಪಠ್ಯಕ್ಕೆಂದು ಕತ್ತರಿಸಿ ಕುಗ್ಗಿಸಿದ ಪ್ರತಿ. ಕರೆಂಟು ಹೋಗಿ ಎರಡು ದಿನವಾಗಿತ್ತು. ಥಾರ್ನ್‌ಫೀಲ್ಡ್ ಬಂಗಲೆಯ ಮೂರನೇ ಮಹಡಿಯಿಂದ ವಿಚಿತ್ರ ನಗು ಕೇಳಿಸುವ ಪುಟಕ್ಕೆ ಬರುವುದಕ್ಕೂ, ನೆತ್ತಿಯ ಮೇಲೆ ಹಲಗೆ ಕಿರುಗುಟ್ಟುವುದಕ್ಕೂ ಸರಿಹೋಯಿತು.

"ಅಜ್ಜೀ, ಮೇಲೆ ಯಾರೋ ಇದಾರೆ!"

"ಎಂತದೂ ಇಲ್ಲ, ಕಾಡುಬೆಕ್ಕು. ದೀಪ ಆರಿಸಿ ಮಲ್ಕ ಮಾರಾಯ್ತಿ, ಸೀಮೆಎಣ್ಣೆ ಪುಕ್ಕಟೆ ಬರಲ್ಲ."

ಬೆಳಿಗ್ಗೆ ಅಜ್ಜಿ ಸಾಕ್ಷಿಯನ್ನೂ ತೋರಿಸಿದರು: ಹಲಗೆಯ ಮೇಲೆ ಬೀಜ ತುಂಬಿದ ಹಿಕ್ಕೆ. ಥಾರ್ನ್‌ಫೀಲ್ಡ್‌ನಲ್ಲಿ ಜೇನ್‌ಗೂ ಇಂಥದೇ ಸಮಜಾಯಿಷಿ ಸಿಗುತ್ತದೆ. ನಕ್ಕವಳು ಹೊಲಿಗೆ ಕೆಲಸದ ಗ್ರೇಸ್ ಪೂಲ್ ಎಂದು. ಅಲ್ಲಿ ಮಾತ್ರ ಅದು ಸುಳ್ಳು. ಮೇಲೆ ಕೂಡಿಹಾಕಿದ್ದವಳು ಮನೆಯೊಡೆಯ ರಾಚೆಸ್ಟರನ ಮೊದಲ ಹೆಂಡತಿ, ಜಮೈಕಾದಿಂದ ತಂದ ಬರ್ತಾ. ಓದುವಾಗ ಆಕೆ ಬರೀ ದೆವ್ವದಂತೆ ಕಂಡಿದ್ದಳು. ಆಕೆಗೂ ಒಂದು ಕತೆಯಿದ್ದೀತು ಎಂದು 1966ರಲ್ಲಿ ಜೀನ್ ರೀಸ್ ಬೇರೆಯೇ ಕಾದಂಬರಿ ಬರೆದದ್ದು ಲೇಖಕಿಗೆ ಗೊತ್ತಾದದ್ದು ತಲೆ ನರೆಯುವ ಹೊತ್ತಿಗೆ.

ಕನ್ನಡಿಗರಿಗೆ ಈ ಕತೆ ತೀರಾ ಪರಕೀಯವೇನಲ್ಲ. 1968ರ 'ಬೇಡಿ ಬಂದವಳು' ಚಿತ್ರದ ಎಳೆ ಇದೇ. ಅದಕ್ಕೂ ಮೊದಲು, 1952ರಲ್ಲಿ, ದಿಲೀಪ್ ಕುಮಾರ್ ಮತ್ತು ಮಧುಬಾಲಾರ 'ಸಂಗ್‌ದಿಲ್' ಬಂದಿತ್ತು. ಕಾದಂಬರಿಯ ಪಾದ್ರಿಯೊಬ್ಬ ಜೇನ್‌ಗೆ ಹಿಂದೂಸ್ತಾನಿ ಕಲಿಸಿ, ಮದುವೆಯಾಗಿ ಇಂಡಿಯಾಕ್ಕೆ ಕರೆತರಲು ನೋಡುತ್ತಾನೆ. ಅವಳು ಒಪ್ಪಲಿಲ್ಲ. ಆಮೇಲೆ ಸಿನಿಮಾದವರು ಕರೆತಂದರು.

ಷಾರ್ಲಟ್ ಬ್ರಾಂಟೆಯ ಊರಾದ ಹಾವರ್ತ್‌ಗೆ ಲೇಖಕಿ ಹೋದದ್ದು ಐವತ್ತು ದಾಟಿದ ಮೇಲೆ. ಇಂಗ್ಲೆಂಡಿನ ಯಾರ್ಕ್‌ಶೈರಿನ ಆ ಪುಟ್ಟ ಊರಿನ ಮುಖ್ಯ ಬೀದಿ ಎಷ್ಟು ಕಡಿದಾಗಿದೆಯೆಂದರೆ, ಕುದುರೆಯ ಗೊರಸು ಜಾರದಿರಲೆಂದು ಹಾಸುಗಲ್ಲುಗಳನ್ನು ಅಡ್ಡಡ್ಡ ಕೂರಿಸಿದ್ದಾರೆ. ತುದಿಯಲ್ಲಿ ಚರ್ಚು, ಸ್ಮಶಾನ, ಅದಕ್ಕೆ ಆತುಕೊಂಡೇ ಬ್ರಾಂಟೆ ಕುಟುಂಬ 1820ರಲ್ಲಿ ಬಂದಿಳಿದ ಪಾದ್ರಿಮನೆ. 1928ರಿಂದ ಅದು ಮ್ಯೂಸಿಯಂ. ಊಟದ ಕೋಣೆಯ ಮೇಜಿನ ಮೇಲೆ 'ಇ' ಅಕ್ಷರ ಕೆತ್ತಿದ ಗುರುತಿದೆ, ಎಮಿಲಿಯ ಕೈವಾಡವಂತೆ. ರಾತ್ರಿ ಷಾರ್ಲಟ್, ಎಮಿಲಿ, ಆ್ಯನ್ ಮೂವರು ಅಕ್ಕತಂಗಿಯರು ಈ ಮೇಜನ್ನು ಸುತ್ತುತ್ತ ತಾವು ಬರೆದದ್ದನ್ನು ಪರಸ್ಪರ ಹೇಳಿಕೊಳ್ಳುತ್ತಿದ್ದರು. ಉಳಿದಿಬ್ಬರೂ ಹೋದ ಮೇಲೆ ಷಾರ್ಲಟ್ ಒಬ್ಬಳೇ ಸುತ್ತುತ್ತಿದ್ದಳು. ಹಗ್ಗ ಕಟ್ಟಿದ ಬಾಗಿಲಾಚೆ ನಿಂತು ನೋಡುವಾಗ ಅಟ್ಟದ ನಗುವಿಗಿಂತ ಈ ಹೆಜ್ಜೆಸಪ್ಪಳವೇ ಲೇಖಕಿಯನ್ನು ಹೆಚ್ಚು ಕಾಡಿತು.

'ಜೇನ್ ಐರ್' ಶುರುವಾದದ್ದು ಇಲ್ಲಲ್ಲ, ಮ್ಯಾಂಚೆಸ್ಟರಿನಲ್ಲಿ. 1846ರ ಆಗಸ್ಟಿನಲ್ಲಿ ಷಾರ್ಲಟ್ ಅಪ್ಪನ ಕಣ್ಣಿನ ಪೊರೆ ತೆಗೆಸಲು ಅಲ್ಲಿಗೆ ಹೋಗಿದ್ದಳು. ಅರಿವಳಿಕೆ ಇಲ್ಲದ ಕಾಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಪ್ಪ ಕತ್ತಲ ಕೋಣೆಯಲ್ಲಿ ಮಲಗಿದ್ದಾಗ ಮಗಳು ಬರೆಯಲು ಕೂತಳು. ಕಾದಂಬರಿಯ ಕೊನೆಯಲ್ಲಿ ರಾಚೆಸ್ಟರ್ ಕುರುಡನಾಗುತ್ತಾನೆ. ಅಟ್ಟದ ಹೆಂಗಸು ಎಲ್ಲಿಂದ ಬಂದಳು? ರಿಪನ್ ಬಳಿಯ ನಾರ್ಟನ್ ಕಾನ್ಯರ್ಸ್ ಎಂಬ ಬಂಗಲೆಗೆ ಷಾರ್ಲಟ್ 1839ರಲ್ಲಿ ಹೋಗಿದ್ದಳು. ಅದರ ಅಟ್ಟದಲ್ಲಿ ಹುಚ್ಚಿಯೊಬ್ಬಳನ್ನು ಇಟ್ಟಿದ್ದರೆಂಬ ಮಾತಿತ್ತು. ಆ ಅಟ್ಟಕ್ಕೆ ಹೋಗುವ ಮರೆಯಾದ ಮೆಟ್ಟಿಲು 2004ರಲ್ಲಿ ಪತ್ತೆಯಾಯಿತು.

ಹಾವರ್ತ್‌ನ ಸ್ಮಶಾನದ ಎತ್ತರದ ಮರ, ಕಾಗೆಗಳ ಗಲಾಟೆ ನೋಡಿ ಎಲ್ಲರಂತೆ ಲೇಖಕಿಯೂ ಫೋಟೋ ತೆಗೆದಳು. ಆ ಮರಗಳು ಅಕ್ಕತಂಗಿಯರ ಕಾಲದವಲ್ಲ, ಆಮೇಲೆ ನೆಟ್ಟವು. ಅವರ ಕಿಟಕಿಗೆ ಕಾಣುತ್ತಿದ್ದುದು ಒತ್ತೊತ್ತಾಗಿ ಮಲಗಿಸಿದ ಚಪ್ಪಡಿಗಳು. ಹುಲ್ಲೂ ಹುಟ್ಟದಂತೆ ಮುಚ್ಚಿದ ಆ ನೆಲ ಊರಿನ ಮೇಲ್ತುದಿಯಲ್ಲಿತ್ತು. ಕುಡಿಯುವ ನೀರು ತಗ್ಗಿನಲ್ಲಿ.

ಈ ನೀರಿನ ಬಗ್ಗೆ ಅಕ್ಕತಂಗಿಯರ ಅಪ್ಪ, ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಸರ್ಕಾರಕ್ಕೆ ಅರ್ಜಿ ಬರೆದ ಮೇಲೆ, 1850ರಲ್ಲಿ ತನಿಖೆಗೆ ಬಂದವನು ಬೆಂಜಮಿನ್ ಬ್ಯಾಬೇಜ್. ನಾವು ಕಂಪ್ಯೂಟರ್ ಪಿತಾಮಹ ಎನ್ನುವ ಚಾರ್ಲ್ಸ್ ಬ್ಯಾಬೇಜನ ಮಗ. ಹಾವರ್ತ್‌ನಲ್ಲಿ ಸಾಯುವವರ ಸರಾಸರಿ ವಯಸ್ಸು 25.8, ನೂರರಲ್ಲಿ 41 ಜನ ಆರು ತುಂಬುವ ಮೊದಲೇ ತೀರಿಕೊಳ್ಳುತ್ತಾರೆ ಎಂದು ಆತ ಲೆಕ್ಕ ಕೊಟ್ಟ. ಬ್ರಾಂಟೆ ಮಕ್ಕಳನ್ನು ಒಯ್ದದ್ದು ನೀರೆನ್ನುವಂತಿಲ್ಲ. ಎಮಿಲಿ ಮತ್ತು ಆ್ಯನ್‌ಗೆ ಬಡಿದದ್ದು ಕ್ಷಯ. 1848ರ ಸೆಪ್ಟೆಂಬರಿನಿಂದ ಮುಂದಿನ ಮೇವರೆಗೆ, ಎಂಟೇ ತಿಂಗಳಲ್ಲಿ ಸೋದರ ಬ್ರಾನ್‌ವೆಲ್, ಎಮಿಲಿ, ಆ್ಯನ್ ಮೂವರೂ ಹೋದರು. ಷಾರ್ಲಟ್ 38ಕ್ಕೆ. ಆರು ಮಕ್ಕಳನ್ನೂ ಕಳೆದುಕೊಂಡ ಅಪ್ಪ 84ರವರೆಗೆ ಬದುಕಿದರು.

ಅಂದು ರಾತ್ರಿ ತಂಗಿದ್ದ ಮನೆಯಲ್ಲಿ ಲೇಖಕಿಯ ನೆತ್ತಿಯ ಮೇಲೆ ಟಕ್, ಟಕ್ ಎಂದಿತು. ಕಾಡುಬೆಕ್ಕು ಎನ್ನಲು ಅಜ್ಜಿ ಇರಲಿಲ್ಲ. ಬೆಳಿಗ್ಗೆ ಕೇಳಿದರೆ, ಬಿಸಿನೀರಿನ ಪೈಪು, ಹಳೇ ಮನೆಯಲ್ಲವೇ ಎಂದಳು ಮನೆಯೊಡತಿ. ಕಿಟಕಿಯಾಚೆ ಸ್ಮಶಾನದ ಗೋಡೆ ಕಾಣುತ್ತಿತ್ತು. ಈ ಊರಲ್ಲಿ ನಲ್ಲಿ ನೀರು ಕುಡಿಯಬಹುದಾ ಎಂದು ಲೇಖಕಿ ಮೆಲ್ಲಗೆ ವಿಚಾರಿಸಿದಳು. ಆಕೆ ಹುಬ್ಬು ಗಂಟಿಕ್ಕಿ ಲೋಟ ತುಂಬಿಸಿದಳು, ಮೊದಲು ತಾನೇ ಒಂದು ಗುಟುಕು ಕುಡಿದು ತೋರಿಸಿ, ಇನ್ನೊಂದು ಲೋಟ ತರಲು ಒಳಗೆ ಹೋದಳು.